ಆಲ್ದೂರಿಗೆ ಇವತ್ತು ಗುಡುಗು ಮಳೆ ಬರುತ್ತಾ? ಬಲೂನು ಹೇಳೋದೇನು, ರೇಡಾರ್ ಕಾಣೋದೇನು

ಮಾರ್ಚ್ ಬಂತು ಅಂದ್ರೆ ಆಲ್ದೂರು ಪೇಟೆಯಲ್ಲಿ ಯಾರು ಯಾರಿಗೆ ಸಿಕ್ಕಿದ್ರೂ ಕೇಳೋ ಪ್ರಶ್ನೆ ಒಂದೇ: "ನಿಮ್ ಕಡೆ ಎಷ್ಟು ಸೆಂಟ್ಸ್ ಆಯ್ತು?" ಬೇರೆ ಊರಿಂದ ಕೇಳ್ತಿರೋರಿಗೆ ಒಂದು ಮಾತು, ಇದು ಜಮೀನಿನ ಸೆಂಟ್ಸ್ ಅಲ್ಲ, ಮಳೆಯದ್ದು. ಒಂದು ಇಂಚು ಮಳೆಗೆ 100 ಸೆಂಟ್ಸ್. ಅಂದರೆ 25 ಮಿಲಿಮೀಟರ್ ಚಿಲ್ಲರೆ. ಇಡೀ ಜಗತ್ತು ಮಿಲಿಮೀಟರಿಗೆ ಬದಲಾದರೂ ಕಾಫಿ ಸೀಮೆ ಮಾತ್ರ ಇನ್ನೂ ಇಂಚು-ಸೆಂಟ್ಸಲ್ಲೇ ಇದೆ.

ಈ ಲೆಕ್ಕ ಯಾಕೆ ಅಷ್ಟು ಮುಖ್ಯ ಅಂದರೆ, ಕಾಫಿ ಗಿಡದ ಮೊಗ್ಗು ಬೇಸಿಗೆಯ ಒಣಹವೆಯಲ್ಲಿ ನಿದ್ದೆ ಹೋಗಿರುತ್ತೆ. ಅದನ್ನು ಎಬ್ಬಿಸೋದು ಹೂ ಮಳೆ. ಸುಮಾರು ಒಂದು ಇಂಚು ಬಿದ್ದರೆ ಎಂಟು-ಹತ್ತು ದಿನಕ್ಕೆ ತೋಟ ಪೂರ್ತಿ ಬೆಳ್ಳಗಾಗುತ್ತೆ. ಬರೀ 20-30 ಸೆಂಟ್ಸ್ ಬಿದ್ದು ನಿಂತರೆ ಕಷ್ಟ. ಮೊಗ್ಗು ಅರ್ಧ ಎದ್ದಿರುತ್ತೆ, ಅರಳೋಕೆ ನೀರು ಸಾಲಲ್ಲ. ರೋಬಸ್ಟಾ ಇದ್ದವರು ಆಗ ಸ್ಪ್ರಿಂಕ್ಲರ್ ಹಾಕಿ ಉಳಿದದ್ದನ್ನು ತುಂಬಿಸಬೇಕು. ಕೆರೆಯಲ್ಲಿ ನೀರು ಇರಬೇಕು, ಪಂಪಿಗೆ ಡೀಸೆಲ್ ಇರಬೇಕು, ಪೈಪ್ ಎಳೆಯೋಕೆ ಜನ ಸಿಗಬೇಕು. ಹಾಗಾಗಿ "ಇವತ್ತು ಬರುತ್ತಾ?" ಅನ್ನೋದು ಈ ಸೀಮೆಯಲ್ಲಿ ಸುಮ್ಮನೆ ಮಾತಿಗೆ ಕೇಳೋ ಪ್ರಶ್ನೆ ಅಲ್ಲ, ಇಡೀ ವರ್ಷದ ಆದಾಯದ ಪ್ರಶ್ನೆ.

ಈಗ ಎಲ್ಲರ ಫೋನಲ್ಲೂ ಹವಾಮಾನದ ಆಪ್ ಇದೆ. ವಾಟ್ಸಾಪಲ್ಲಿ ಕೆಂಪು-ಹಳದಿ ಬಣ್ಣದ ರೇಡಾರ್ ಚಿತ್ರ ಓಡಾಡುತ್ತೆ. ಇತ್ತೀಚೆಗೆ ಕೆಲವು ಗ್ರೂಪಲ್ಲಿ "ಇವತ್ತಿನ ಕೇಪ್ 2,000 ಇದೆ, ಪಕ್ಕಾ ಮಳೆ" ಅಂತೆಲ್ಲ ಬರೋಕೆ ಶುರುವಾಗಿದೆ. ಕೇಪ್ ಅಂದ್ರೇನು, ಅದನ್ನು ಯಾರು ಅಳೀತಾರೆ, ಆ ಕೆಂಪು ಚುಕ್ಕೆ ನಿಮ್ಮ ತೋಟದ ಮೇಲೇ ಇದೆಯಾ ಅನ್ನೋದು ಈ ಸಂಚಿಕೆ. ನಾನು ಓದಿದ್ದು ಬಿಕಾಂ. ಅದಕ್ಕೇ ಅಲ್ಲಲ್ಲಿ ಬ್ಯಾಂಕಿನ ಭಾಷೆ ಬಂದರೆ ಹೊಂದಿಸಿಕೊಳ್ಳಿ.

ಮೊದಲು ಬಲೂನು. ಭಾರತೀಯ ಹವಾಮಾನ ಇಲಾಖೆ ದೇಶದ ಹಲವು ಕಡೆಯಿಂದ ಹೈಡ್ರೋಜನ್ ತುಂಬಿದ ಬಲೂನು ಹಾರಿಸುತ್ತೆ. ನಮಗೆ ಸಂಬಂಧಪಟ್ಟದ್ದು ಎರಡು, ಒಂದು ಮಂಗಳೂರಿನ ಪಣಂಬೂರು, ಇನ್ನೊಂದು ಬೆಂಗಳೂರು. ಬಲೂನಿನ ಕೆಳಗೆ ರೇಡಿಯೋಸಾಂಡ್ ಅನ್ನೋ ಪುಟ್ಟ ಪೆಟ್ಟಿಗೆ ನೇತಾಡುತ್ತೆ. ನಿಮಿಷಕ್ಕೆ ಸುಮಾರು 300 ಮೀಟರ್ ಏರುತ್ತಾ, ದಾರಿಯುದ್ದಕ್ಕೂ ಉಷ್ಣಾಂಶ, ತೇವಾಂಶ, ಒತ್ತಡವನ್ನು ರೇಡಿಯೋದಲ್ಲಿ ಕೆಳಗೆ ಕಳಿಸುತ್ತೆ. ಬಲೂನು ಯಾವ ಕಡೆಗೆ ತೇಲಿ ಹೋಗುತ್ತೋ ಅದರಿಂದ ಗಾಳಿಯ ದಿಕ್ಕು, ವೇಗ ಸಿಗುತ್ತೆ. ಎಲ್ಲ ಸರಿಹೋದರೆ 30 ಕಿಲೋಮೀಟರ್ ಮೇಲಕ್ಕೂ ಹೋಗಿ ಒಡೆಯುತ್ತೆ. ಇಡೀ ಜಗತ್ತಿನಲ್ಲಿ ಇದಕ್ಕೆ ಒಂದೇ ಸಮಯ. ಯುಟಿಸಿ ಸೊನ್ನೆ ಗಂಟೆ, ಅಂದರೆ ನಮ್ಮ ಬೆಳಿಗ್ಗೆ 5:30. ಎಷ್ಟೋ ಕೇಂದ್ರಗಳಲ್ಲಿ ಸಂಜೆ 5:30ಕ್ಕೆ ಇನ್ನೊಂದು ಇರುತ್ತೆ. ಈ ಮಾಪನಕ್ಕೇ ಸೌಂಡಿಂಗ್ ಅನ್ನೋದು. ಅಮೆರಿಕದ ವ್ಯೋಮಿಂಗ್ ವಿಶ್ವವಿದ್ಯಾಲಯದ ಪುಟದಲ್ಲಿ ಮಂಗಳೂರು, ಬೆಂಗಳೂರಿನ ಸೌಂಡಿಂಗ್ ಕೂಡ ಸಿಗುತ್ತೆ, ಕಾಸು ಕೊಡಬೇಕಿಲ್ಲ.

ಅದನ್ನು ತೆರೆದರೆ ಕಾಣೋದು ಎರಡು ಗೆರೆ. ಬಲಗಡೆಯದು ಗಾಳಿಯ ಉಷ್ಣಾಂಶ, ಎಡಗಡೆಯದು ಇಬ್ಬನಿ ಬಿಂದು. ಗಾಳಿಯನ್ನು ಎಷ್ಟು ತಣ್ಣಗೆ ಮಾಡಿದರೆ ಅದರಲ್ಲಿರೋ ತೇವ ನೀರಾಗುತ್ತೋ ಆ ಉಷ್ಣಾಂಶವೇ ಇಬ್ಬನಿ ಬಿಂದು. ಎರಡು ಗೆರೆ ಹತ್ತಿರ ಇದ್ದ ಎತ್ತರದಲ್ಲಿ ಗಾಳಿ ಒದ್ದೆ, ದೂರ ಸರಿದ ಕಡೆ ಒಣ. ಇಷ್ಟು ಗೊತ್ತಿದ್ದರೆ ಅರ್ಧ ಚಿತ್ರ ಓದಿದ ಹಾಗೆ.

ಇನ್ನರ್ಧಕ್ಕೆ ಒಂದು ಗಾಳಿಯ ಗುಳ್ಳೆಯನ್ನು ಕಲ್ಪಿಸಿಕೊಳ್ಳಿ. ಮಧ್ಯಾಹ್ನ ಬಿಸಿಲಿಗೆ ನೆಲ ಕಾದು ಗುಳ್ಳೆ ಮೇಲಕ್ಕೆ ಏಳುತ್ತೆ. ಮೊದಲು ಪ್ರತಿ ಕಿಲೋಮೀಟರಿಗೆ ಹತ್ತಿರಹತ್ತಿರ 10 ಡಿಗ್ರಿಯಂತೆ ತಣ್ಣಗಾಗುತ್ತೆ. ಒಂದು ಎತ್ತರಕ್ಕೆ ಹೋದಮೇಲೆ ಅದರೊಳಗಿನ ಆವಿ ಹನಿಯಾಗುತ್ತೆ, ಮೋಡ ಶುರು. ಆವಿ ಹನಿಯಾಗುವಾಗ ಶಾಖ ಹೊರಬರುತ್ತಲ್ಲ, ಹಾಗಾಗಿ ಅಲ್ಲಿಂದ ಮೇಲೆ ಗುಳ್ಳೆ ಅಷ್ಟು ಬೇಗ ತಣ್ಣಗಾಗಲ್ಲ. ಸುತ್ತಲಿನ ಗಾಳಿಗಿಂತ ಗುಳ್ಳೆ ಬೆಚ್ಚಗೆ ಇರೋ ತನಕ ಅದು ತಾನಾಗಿ ಏರುತ್ತಲೇ ಇರುತ್ತೆ. ಹೀಗೆ ಏರೋಕೆ ಒಟ್ಟು ಎಷ್ಟು ಶಕ್ತಿ ಲಭ್ಯ ಇದೆ ಅನ್ನೋ ಲೆಕ್ಕವೇ ಕೇಪ್. ಪ್ರತಿ ಕಿಲೋ ಗಾಳಿಗೆ ಇಷ್ಟು ಜೌಲ್ ಅಂತ ಹೇಳ್ತಾರೆ. ಕೆಲವು ನೂರು ಇದ್ದರೆ ಸಣ್ಣದು, ಸಾವಿರ ದಾಟಿದರೆ ಗುಡುಗು ಮೋಡಕ್ಕೆ ಸಾಕಷ್ಟು, 2,500 ಮೀರಿದರೆ ಜೋರು.

ಕೇಪ್ ಅನ್ನೋದು ಬ್ಯಾಂಕಿನ ಓವರ್‌ಡ್ರಾಫ್ಟ್ ಮಿತಿ ಇದ್ದ ಹಾಗೆ. ಮಂಜೂರಾಗಿದೆ ಅಂದ ಮಾತ್ರಕ್ಕೆ ಖರ್ಚಾಗಿದೆ ಅಂತಲ್ಲ. ಯಾರಾದರೂ ಚೆಕ್ ಹಾಕಬೇಕು. "ಕೇಪ್ 2,000, ಪಕ್ಕಾ ಮಳೆ" ಅನ್ನೋ ಮೆಸೇಜಿನ ತೊಂದರೆ ಇದೇ. ಎಷ್ಟೋ ದಿನ ಕೇಪ್ ದಂಡಿಯಾಗಿದ್ದು, ಒಂದು ಹನಿ ಬೀಳದೆ ಸಂಜೆ ಆಗಿಬಿಡುತ್ತೆ. ಕಾರಣ, ನೆಲದಿಂದ ಒಂದೆರಡು ಕಿಲೋಮೀಟರ್ ಮೇಲೆ ಬೆಚ್ಚನೆಯ ಒಣ ಗಾಳಿಯ ಪದರ ಮುಚ್ಚಳದ ಹಾಗೆ ಕೂತಿರುತ್ತೆ. ಗುಳ್ಳೆ ಅಲ್ಲಿಗೆ ಬಂದು ನಿಂತುಬಿಡುತ್ತೆ. ಈ ಅಡ್ಡಿಯ ಅಳತೆಗೆ ಸಿನ್ ಅಂತ ಹೆಸರು, ಸೌಂಡಿಂಗ್ ಪಟ್ಟಿಯಲ್ಲಿ ಕೇಪ್ ಜೊತೆಗೇ ಇರುತ್ತೆ. ಕೇಪ್ ನೋಡಿ ಸಿನ್ ನೋಡದಿದ್ದರೆ, ಸಾಲದ ಮಿತಿ ನೋಡಿ ಷರತ್ತು ಓದದೇ ಇದ್ದ ಹಾಗೆ.

ಮುಚ್ಚಳವನ್ನು ಒಡೆಯೋದು ಯಾರು? ಒಂದು, ಬಿಸಿಲು. ಎರಡು, ಗಾಳಿ ಗಾಳಿ ಡಿಕ್ಕಿ ಹೊಡೆಯೋ ಗೆರೆ. ಹವಾಮಾನ ಇಲಾಖೆಯ ಬೇಸಿಗೆ ಬುಲೆಟಿನ್‌ಗಳಲ್ಲಿ ಒಳನಾಡು ಕರ್ನಾಟಕದ ಮೇಲೆ ಗಾಳಿಯ ದಿಕ್ಕು ಬದಲಾಗುವ ಗೆರೆ ಹಾದುಹೋಗಿದೆ ಅಂತ ಪದೇಪದೇ ಬರುತ್ತಲ್ಲ, ಅದು ಇದೇ. ಬಂಗಾಳಕೊಲ್ಲಿ ಕಡೆಯ ಗಾಳಿ, ಅರಬ್ಬಿ ಸಮುದ್ರದ ಗಾಳಿ ಎದುರಾಗೋ ಜಾಗ. ಮೂರನೆಯದು ನಮ್ಮ ಗುಡ್ಡಗಳು. 1,930 ಮೀಟರಿನ ಮುಳ್ಳಯ್ಯನಗಿರಿ ನೆತ್ತಿಗೆ ಬಿಸಿಲು ಬಿದ್ದರೆ ಅಲ್ಲಿನ ಗಾಳಿ ಅಷ್ಟು ಎತ್ತರದಲ್ಲೇ ಕಾಯುತ್ತೆ. ಬಯಲಿನ ಗುಳ್ಳೆ ಕೆಳಗಿಂದ ಏರಿ ಬರಬೇಕಾದ ದಾರಿಯನ್ನು ಗುಡ್ಡದ ಗುಳ್ಳೆ ಮೊದಲೇ ದಾಟಿರುತ್ತೆ. ಅದಕ್ಕೇ ಮಧ್ಯಾಹ್ನ ಬಯಲಲ್ಲಿ ಆಕಾಶ ಖಾಲಿ ಇದ್ದರೂ ಬಾಬಾಬುಡನ್‌ಗಿರಿ ಸಾಲಿನ ಮೇಲೆ, ಕುದುರೆಮುಖದ ಕಡೆ ಹೂಕೋಸಿನಂಥ ಮೋಡ ಮೊದಲು ಏಳೋದು.

ಸೌಂಡಿಂಗಿನಲ್ಲಿ ಇನ್ನೂ ಎರಡು ವಿಷಯ ನೋಡಿಕೊಳ್ಳಿ. ಗಾಳಿಯ ಇಡೀ ಕಂಬದಲ್ಲಿರೋ ಆವಿಯನ್ನೆಲ್ಲ ಹಿಂಡಿದರೆ ಎಷ್ಟು ಮಿಲಿಮೀಟರ್ ನೀರು ಅನ್ನೋದೊಂದು. ಅದು 20-25ರಲ್ಲಿದ್ದರೆ ಗುಡುಗಿದರೂ ಸೆಂಟ್ಸ್ ಕಮ್ಮಿ, 40 ದಾಟಿದ್ದರೆ ಭರವಸೆ ಇಡಬಹುದು. ಇನ್ನೊಂದು, ನಡುವೆ ಮೂರು-ಆರು ಕಿಲೋಮೀಟರ್ ಎತ್ತರದಲ್ಲಿ ಎರಡು ಗೆರೆ ತುಂಬ ದೂರ ಇದ್ದರೆ ಅಲ್ಲಿ ಒಣಗಾಳಿ ಇದೆ ಅಂತ ಅರ್ಥ. ಮೋಡದಿಂದ ಬೀಳೋ ಹನಿ ಅದರಲ್ಲಿ ಆರಿಹೋಗಿ ಗಾಳಿಯನ್ನು ತಣ್ಣಗೆ, ಭಾರ ಮಾಡುತ್ತೆ. ಆ ಭಾರದ ಗಾಳಿ ಧೊಪ್ಪನೆ ಕೆಳಗೆ ಬೀಳುತ್ತೆ. ಮಳೆ ನಾಲ್ಕು ಹನಿ, ಗಾಳಿ ಮಾತ್ರ ಭರ್ಜರಿ, ಸಿಲ್ವರ್ ಓಕ್ ಮುರಿದು ಲೈನ್ ಮೇಲೆ, ರಾತ್ರಿಯಿಡೀ ಕರೆಂಟಿಲ್ಲ. ಇಂಥ ದಿನ ನಿಮಗೂ ಗೊತ್ತಿರುತ್ತೆ.

ಈಗ ಆಲ್ದೂರಿನ ಕಷ್ಟಕ್ಕೆ ಬರೋಣ. ಗುಡ್ಡದಲ್ಲಿ ಯಾರೂ ಬಲೂನು ಹಾರಿಸ್ತಿಲ್ಲ. ಮಂಗಳೂರಿನ ಬಲೂನು ಹೊರಡೋದು ಸಮುದ್ರಮಟ್ಟದಿಂದ, ಕರಾವಳಿಯ ಬೆವರಿನ ಗಾಳಿಯಲ್ಲಿ. ಅದರ ಮೊದಲ ಒಂದು ಕಿಲೋಮೀಟರಿನ ಲೆಕ್ಕ ನಮಗೆ ನೇರವಾಗಿ ಹೊಂದಲ್ಲ, ನಾವಿರೋದೇ ಅದರ ಮೇಲಿನ ತುದಿಯಲ್ಲಿ. ಬೆಂಗಳೂರಿನ ಬಲೂನು ಹೊರಡೋದು ಸುಮಾರು 920 ಮೀಟರಿನಿಂದ, ಎತ್ತರ ನಮಗೆ ಹತ್ತಿರ. ಆದರೆ ಅಲ್ಲಿಯದು ಬಯಲುಸೀಮೆಯ ಗಾಳಿ. ಎರಡನ್ನೂ ತೆಗೆದು ಅಕ್ಕಪಕ್ಕ ಇಟ್ಟು ನೋಡೋದೇ ದಾರಿ. ಎರಡರಲ್ಲೂ ತೇವ ಚೆನ್ನಾಗಿದ್ದರೆ ಘಟ್ಟದ ಅಂಚಿನ ನಮಗೂ ಒಳ್ಳೇ ಸೂಚನೆ. ಮಂಗಳೂರು ಒದ್ದೆ, ಬೆಂಗಳೂರು ಒಣ ಅಂತಾದರೆ ಮೂಡಿಗೆರೆ, ಕಳಸದ ಕಡೆ ಬಿದ್ದು ಆಲ್ದೂರಿಗೆ ಬರೋಷ್ಟರಲ್ಲಿ ಮುಗಿದಿರಬಹುದು. ಅದೂ ಅಲ್ಲದೆ ಇದು ಬೆಳಗಿನ 5:30ರ ಲೆಕ್ಕ. ಮಧ್ಯಾಹ್ನ ಮೂರಕ್ಕೆ ನೆಲದ ಹತ್ತಿರದ ಗಾಳಿ ಪೂರ್ತಿ ಬೇರೆ. ಅನುಭವ ಇರೋ ಮುನ್ಸೂಚಕರು ಗೆರೆಯ ಕೆಳತುದಿಯನ್ನು ಅಳಿಸಿ, ಮಧ್ಯಾಹ್ನದ ನಿರೀಕ್ಷಿತ ಉಷ್ಣಾಂಶ ಹಾಕಿ ಮತ್ತೆ ಲೆಕ್ಕ ಮಾಡ್ತಾರೆ.

ಬಲೂನು ಹೇಳೋದು ಇಷ್ಟೇ: ಇವತ್ತು ಸಾಮಾನು ಇದೆಯೋ ಇಲ್ಲವೋ. ಎಲ್ಲಿ, ಎಷ್ಟೊತ್ತಿಗೆ ಅನ್ನೋದಕ್ಕೆ ರೇಡಾರ್ ಬೇಕು.

ರೇಡಾರ್ ಕೆಲಸ ಸರಳ. ರೇಡಿಯೋ ಅಲೆಯ ಒಂದು ತುಣುಕನ್ನು ಬಿಡುತ್ತೆ, ಹನಿಗೆ ತಾಗಿ ವಾಪಸ್ ಬಂದದ್ದನ್ನು ಕೇಳಿಸಿಕೊಳ್ಳುತ್ತೆ. ಎಷ್ಟು ಹೊತ್ತಿಗೆ ಬಂತು ಅನ್ನೋದರಿಂದ ದೂರ, ಎಷ್ಟು ಜೋರಾಗಿ ಬಂತು ಅನ್ನೋದರಿಂದ ಹನಿಯ ಗಾತ್ರ-ಪ್ರಮಾಣ. ಡಾಪ್ಲರ್ ಆಗಿದ್ದರೆ ಹನಿಗಳು ನಮ್ಮ ಕಡೆ ಬರ್ತಿವೆಯೋ ದೂರ ಹೋಗ್ತಿವೆಯೋ ಅನ್ನೋದೂ ತಿಳಿಯುತ್ತೆ. ಜೋರಿನ ಅಳತೆ ಡಿಬಿಝೆಡ್. 20ರ ಸುಮಾರು ತುಂತುರು, 40 ದಾಟಿದರೆ ಜೋರು ಮಳೆ, 55 ಮೀರಿದರೆ ಆಲಿಕಲ್ಲಿನ ಅನುಮಾನ ಪಡಬೇಕು.

ಹವಾಮಾನ ಇಲಾಖೆ ತನ್ನ ಮೊದಲ ಡಾಪ್ಲರ್ ರೇಡಾರನ್ನು 2002ರಲ್ಲಿ ಚೆನ್ನೈನಲ್ಲಿ ಹಾಕಿತು. ಆಮೇಲೆ ಎಷ್ಟೋ ವರ್ಷ ಕರ್ನಾಟಕದ ನೆಲದಲ್ಲಿ ಇಲಾಖೆಯ ಡಾಪ್ಲರ್ ರೇಡಾರೇ ಇರಲಿಲ್ಲ, ಗೋವಾ, ಕೊಚ್ಚಿ, ಚೆನ್ನೈ, ಹೈದರಾಬಾದಿನ ಕಡೆ ನೋಡಬೇಕಿತ್ತು. ಅದರಿಂದ ಏನು ತೊಂದರೆ ಅಂದರೆ, ಭೂಮಿ ಗುಂಡಗಿದೆ. ರೇಡಾರ್ ಕಿರಣ ನೇರಕ್ಕೆ ಹೋದ ಹಾಗೆಲ್ಲ ನೆಲ ಕೆಳಗೆ ಬಾಗುತ್ತೆ. ಗೋವಾದಿಂದ ಆಲ್ದೂರು ಗಾಳಿದಾರಿಯಲ್ಲಿ 300 ಕಿಲೋಮೀಟರಿಗೂ ಮೇಲೆ. ಅರ್ಧ ಡಿಗ್ರಿ ಮೇಲಕ್ಕೆ ಬಿಟ್ಟ ಕಿರಣ ಇಲ್ಲಿಗೆ ತಲುಪೋಷ್ಟರಲ್ಲಿ ಎಂಟು ಕಿಲೋಮೀಟರಿಗಿಂತ ಎತ್ತರದಲ್ಲಿರುತ್ತೆ. ಮೋಡದ ತಲೆ ಕಂಡರೆ ಕಾಣಬಹುದು, ಕಾಲು ಕಾಣಲ್ಲ. ಚೆನ್ನೈಯಂತೂ ಲೆಕ್ಕಕ್ಕೇ ಇಲ್ಲ, 500 ಕಿಲೋಮೀಟರ್ ದೂರ.

ಈಗ ಮಂಗಳೂರಿನಲ್ಲಿ ಇಲಾಖೆಯ ಡಾಪ್ಲರ್ ರೇಡಾರ್ ಇದೆ. ಅಲ್ಲಿಂದ ಆಲ್ದೂರು ನೇರಕ್ಕೆ ಸುಮಾರು 90 ಕಿಲೋಮೀಟರ್. ಅಬ್ಬಾ, ಬಚಾವ್ ಅಂತ ಅನ್ನಿಸಬಹುದು. ಆದರೆ ನಕ್ಷೆಯಲ್ಲಿ ಮಂಗಳೂರಿನಿಂದ ಆಲ್ದೂರಿಗೆ ಒಂದು ಗೆರೆ ಎಳೆದು ನೋಡಿ. ಅರ್ಧ ದಾರಿಯಲ್ಲಿ ಕುದುರೆಮುಖದ ಸಾಲು ಅಡ್ಡ ನಿಂತಿದೆ. ಶಿಖರ ಸುಮಾರು 1,890 ಮೀಟರ್. ಕೆಳಮಟ್ಟದ ಕಿರಣ ಹೋಗಿ ಗುಡ್ಡಕ್ಕೆ ಬಡಿಯುತ್ತೆ. ಗುಡ್ಡದ ನೆತ್ತಿ ತಪ್ಪಿಸಬೇಕು ಅಂದರೆ ಕಿರಣವನ್ನು ಹೆಚ್ಚುಕಮ್ಮಿ ಎರಡು ಡಿಗ್ರಿ ಎತ್ತಬೇಕು. ಹಾಗೆ ಎತ್ತಿದ್ದು ಆಲ್ದೂರಿನ ಮೇಲೆ ಬರುವಾಗ ಸಮುದ್ರಮಟ್ಟದಿಂದ ಮೂರೂವರೆ ಕಿಲೋಮೀಟರ್ ದಾಟಿರುತ್ತೆ. ಇದು ನಾನು ಕಾಗದದ ಮೇಲೆ ಹಾಕಿದ ಸ್ಥೂಲ ಲೆಕ್ಕ, ಸಾಲಿನಲ್ಲಿ ತಗ್ಗು ಇರೋ ಕಡೆ ಸ್ವಲ್ಪ ಕೆಳಗೂ ಕಾಣಬಹುದು. ಜೊತೆಗೆ ಇದು ಐದು ಸೆಂಟಿಮೀಟರ್ ಅಲೆಯ ಸಿ ಬ್ಯಾಂಡ್ ರೇಡಾರ್. ಬೆಳ್ತಂಗಡಿ, ಚಾರ್ಮಾಡಿ ಮೇಲೆ ಜಡಿಮಳೆ ಇದ್ದರೆ ಅದನ್ನು ದಾಟುವಾಗಲೇ ಅಲೆ ಸೊರಗುತ್ತೆ, ಹಿಂದಿರೋ ಮೋಡ ಇದ್ದುದಕ್ಕಿಂತ ಸಪ್ಪೆಯಾಗಿ ಕಾಣುತ್ತೆ.

ಹಾಗಾಗಿ "ಎಷ್ಟು ಸೆಂಟ್ಸ್ ಬೀಳುತ್ತೆ" ಅನ್ನೋ ಪ್ರಶ್ನೆಗೆ ನಮ್ಮ ಊರಿನ ಮಟ್ಟಿಗೆ ರೇಡಾರ್ ಅರ್ಧಂಬರ್ಧ ಉತ್ತರ ಕೊಡುತ್ತೆ. ಮೇಲೆ ಕೆಂಪಗೆ ಕಂಡದ್ದು ಕೆಳಗೆ ಬರೋ ದಾರಿಯಲ್ಲಿ ಆರಿಹೋಗಬಹುದು. ಆದರೆ ನನಗೆ ತುಂಬ ಖುಷಿ ಕೊಟ್ಟ ವಿಷಯ ಇಲ್ಲೇ ಇದೆ. ಗುಡ್ಡ ಮರೆಮಾಡೋದು ಮಳೆಯನ್ನು, ಸಿಡಿಲನ್ನಲ್ಲ.

ಸಿಡಿಲಿನ ಕಾರ್ಖಾನೆ ಇರೋದು ಮೋಡದ ಹೊಟ್ಟೆಯಲ್ಲಿ, ಹಿಮ ಇರೋ ಎತ್ತರದಲ್ಲಿ. ನಮ್ಮ ಬೇಸಿಗೆಯಲ್ಲಿ ಸೊನ್ನೆ ಡಿಗ್ರಿ ಸಿಗೋದು ಐದು ಕಿಲೋಮೀಟರಿನ ಆಸುಪಾಸು, ಮೈನಸ್ 10 ಡಿಗ್ರಿ ಆರೂವರೆ ಕಿಲೋಮೀಟರಿನ ಆಸುಪಾಸು. ಅಲ್ಲಿ ಸಣ್ಣ ಹಿಮದ ಹರಳು, ಮೆತ್ತನೆ ಆಲಿಕಲ್ಲು ಒಂದಕ್ಕೊಂದು ಉಜ್ಜಿಕೊಂಡು ವಿದ್ಯುತ್ತು ಬೇರೆಬೇರೆಯಾಗುತ್ತೆ. ಬೆಳಗಿನ ಸೌಂಡಿಂಗಿನಲ್ಲಿ ಮೈನಸ್ 10 ಡಿಗ್ರಿ ನಿಖರವಾಗಿ ಎಷ್ಟು ಎತ್ತರದಲ್ಲಿದೆ ಅಂತ ಸಿಗುತ್ತೆ. ಮಧ್ಯಾಹ್ನ ರೇಡಾರಿನಲ್ಲಿ ಆ ಎತ್ತರಕ್ಕೆ 40 ಡಿಬಿಝೆಡ್ ಮುಟ್ಟಿತು ಅಂದರೆ ಕೆಲವೇ ನಿಮಿಷದಿಂದ ಅರ್ಧ ಗಂಟೆಯೊಳಗೆ ಸಿಡಿಲು ಶುರುವಾಗೋ ಸಾಧ್ಯತೆ ಜಾಸ್ತಿ. ಮುನ್ಸೂಚಕರು ಬಳಸೋ ಹಳೇ ಸೂತ್ರ ಇದು, ಬಲೂನು-ರೇಡಾರ್ ಎರಡೂ ಕೂಡಿದರೆ ಮಾತ್ರ ಕೆಲಸ ಮಾಡುತ್ತೆ. ಮಂಗಳೂರಿನ ಕಿರಣ ಮೂರೂವರೆಯಿಂದ ಮೇಲೆ ಕಾಣುತ್ತೆ ಅಂದರೆ ಆರೂವರೆ ಆರಾಮಾಗಿ ಕಾಣುತ್ತೆ.

ರೇಡಾರ್ ಚಿತ್ರ ನೋಡುವಾಗ ಎರಡು ಎಚ್ಚರ. ಮೊದಲನೆಯದು ಸಮಯ. ಎಷ್ಟೋ ಚಿತ್ರದ ಮೇಲೆ ಯುಟಿಸಿ ಇರುತ್ತೆ, ಅದಕ್ಕೆ ಐದೂವರೆ ಗಂಟೆ ಕೂಡಿಸಿ. ವಾಟ್ಸಾಪಲ್ಲಿ ಬಂದದ್ದಂತೂ ಸಮಯ ನೋಡದೆ ನಂಬಬೇಡಿ, ಒಂದು ಗುಡುಗು ಮೋಡದ ಆಯಸ್ಸೇ ಮುಕ್ಕಾಲು-ಒಂದು ಗಂಟೆ. ಎರಡನೆಯದು, ಒಂದೇ ಚಿತ್ರ ನೋಡಬೇಡಿ, ಮೂರ್ನಾಲ್ಕು ಒಟ್ಟಿಗೆ ನೋಡಿ. ಮೋಡ ಯಾವ ಕಡೆ ಸರೀತಿದೆ, ದೊಡ್ಡದಾಗ್ತಿದೆಯೋ ಕುಗ್ಗುತ್ತಿದೆಯೋ ಅನ್ನೋದು ಬಣ್ಣಕ್ಕಿಂತ ಮುಖ್ಯ. ರೇಡಾರ್ ಸಾಲದ ಕಡೆ ಇನ್ಸಾಟ್ ಉಪಗ್ರಹದ ಚಿತ್ರ ಇದೆ, ಮೇಲಿಂದ ನೋಡೋದರಿಂದ ಗುಡ್ಡ ಅಡ್ಡ ಬರಲ್ಲ. ಕೆಎಸ್‌ಎನ್‌ಡಿಎಂಸಿಯವರ ಮಳೆಮಾಪಕಗಳು ಗ್ರಾಮ ಪಂಚಾಯ್ತಿ ಮಟ್ಟದಲ್ಲಿವೆ, ಮೋಡ ಬರ್ತಿರೋ ದಿಕ್ಕಿನ ಪಂಚಾಯ್ತಿಯಲ್ಲಿ ಈಗಾಗಲೇ ಎಷ್ಟು ಬಿದ್ದಿದೆ ಅಂತ ನೋಡಿದರೆ ಅದಕ್ಕಿಂತ ಒಳ್ಳೇ ಮುನ್ಸೂಚನೆ ಇನ್ನೊಂದಿಲ್ಲ.

ಇಲಾಖೆಯ ಜಿಲ್ಲಾ ಮುನ್ಸೂಚನೆಯ ಪದಗಳಿಗೂ ಅಳತೆ ಇದೆ, ಅದು ತುಂಬ ಜನಕ್ಕೆ ಗೊತ್ತಿಲ್ಲ. 'ಒಂದೆರಡು ಕಡೆ' ಅಂದರೆ ಆ ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ಕಾಲು ಭಾಗದ ತನಕ. 'ಕೆಲವು ಕಡೆ' ಅಂದರೆ ಅರ್ಧದ ತನಕ, 'ಹಲವು ಕಡೆ' ಮುಕ್ಕಾಲಿನ ತನಕ. ಮತ್ತೆ ಇಲಾಖೆಯ ಪ್ರಕಾರ 2.5 ಮಿಲಿಮೀಟರ್ ಬಿದ್ದರೆ ಅದು ಮಳೆ ದಿನ. ಅಂದರೆ 10 ಸೆಂಟ್ಸ್! ಇಲಾಖೆಯ ಲೆಕ್ಕದಲ್ಲಿ ಮಳೆ ಬಂದಿರುತ್ತೆ, ಕಾಫಿ ಗಿಡದ ಲೆಕ್ಕದಲ್ಲಿ ಬಂದಿರಲ್ಲ. ಇಬ್ಬರೂ ಸುಳ್ಳು ಹೇಳ್ತಿಲ್ಲ.

ಹಾಗಾದರೆ ಸ್ಪ್ರಿಂಕ್ಲರ್ ಹಾಕೋದಾ ಬೇಡವಾ? ಇಲ್ಲಿ ನನ್ನ ಬಿಕಾಂ ಸ್ವಲ್ಪ ಉಪಯೋಗಕ್ಕೆ ಬಂತು. ಉದಾಹರಣೆಗೆ ನೀರು ಹಾಯಿಸೋಕೆ 20 ಸಾವಿರ ಖರ್ಚು, ಹೂ ಹಾಳಾದರೆ 2 ಲಕ್ಷ ನಷ್ಟ ಅಂತ ಇಟ್ಕೊಳ್ಳಿ. ಖರ್ಚು ನಷ್ಟದ ಹತ್ತನೇ ಒಂದು ಭಾಗ. ಆಗ ಸಾಕಷ್ಟು ಮಳೆ ಬಾರದೇ ಇರೋ ಸಾಧ್ಯತೆ ಶೇ. 10ಕ್ಕಿಂತ ಜಾಸ್ತಿ ಇದ್ದರೆ ನೀರು ಹಾಯಿಸೋದೇ ಲಾಭ. "ಶೇ. 70 ಮಳೆ ಚಾನ್ಸ್ ಇದೆ, ಕಾಯೋಣ" ಅನ್ನೋದು ಕೇಳೋಕೆ ಸರಿ ಅನ್ನಿಸುತ್ತೆ, ಲೆಕ್ಕದಲ್ಲಿ ತಪ್ಪು. ಆದರೆ ಇದು ಗಡುವು ಮುಗೀತಾ ಬಂದಾಗಿನ ಮಾತು. ಒಂದು ಹನಿಯೂ ಬೀಳದೆ ಮೊಗ್ಗು ಇನ್ನೂ ಗಾಢ ನಿದ್ದೆಯಲ್ಲಿದ್ದರೆ ಎರಡು ದಿನ ಕಾದರೆ ದೊಡ್ಡ ನಷ್ಟ ಇಲ್ಲ. 30 ಸೆಂಟ್ಸ್ ಬಿದ್ದು ಮೊಗ್ಗು ಎದ್ದಿದ್ದರೆ ಗಡಿಯಾರ ಓಡೋಕೆ ಶುರುವಾಗಿದೆ ಅಂತ ಅರ್ಥ. ನಿಮ್ಮ ತೋಟದ ನಿಜವಾದ ಅಂಕಿ ಹಾಕಿ ನೋಡಿ, ಉತ್ತರ ಬೇರೆ ಬರಬಹುದು. ಇನ್ನು ಇವತ್ತು ನೀರು ಹಾಯಿಸಿದರೆ ಹೂ ಅರಳೋ ದಿನ, ಅಂದರೆ ಒಂದು ವಾರದ ಮೇಲೆ, ಜೋರು ಮಳೆ ಬಂದು ಪರಾಗ ತೊಳೆದುಹೋದರೆ? ಅದನ್ನು ಇವತ್ತಿನ ಬಲೂನೂ ಹೇಳಲ್ಲ, ರೇಡಾರೂ ಹೇಳಲ್ಲ.

ಕೊನೆಯದಾಗಿ ಸಿಡಿಲಿನ ವಿಷಯ, ಇದು ಸಾಹುಕಾರ್ರಿಗಿಂತ ತೋಟದಲ್ಲಿ ಕೆಲಸ ಮಾಡೋರಿಗೆ ಸಂಬಂಧಪಟ್ಟದ್ದು. ಮಾರ್ಚ್-ಏಪ್ರಿಲಲ್ಲಿ ಮೆಣಸು ಕೊಯ್ಯೋರು ಏಣಿ ಮೇಲೆ, ಅದೂ ಎಷ್ಟೋ ಕಡೆ ಅಲ್ಯೂಮಿನಿಯಂ ಏಣಿ. ಮರಗಸಿ ಮಾಡೋರು ಮರದ ತುದಿಯಲ್ಲಿ. ಅವರ ಕೈಯಲ್ಲಿ ಫೋನ್ ಇರಲ್ಲ, ಇದ್ದರೂ ಗುಡ್ಡದ ಮೂಲೆಯಲ್ಲಿ ಸಿಗ್ನಲ್ ಇರಲ್ಲ. ಪುಣೆಯ ಐಐಟಿಎಂ ಸಂಸ್ಥೆಯ ದಾಮಿನಿ ಆಪ್ ನಿಮ್ಮ ಸುತ್ತ 20, 40 ಕಿಲೋಮೀಟರಿನೊಳಗೆ ಸಿಡಿಲು ಬಿದ್ದದ್ದನ್ನು ತೋರಿಸುತ್ತೆ, ಇಲಾಖೆ ಮೂರು ಗಂಟೆಯ ತುರ್ತು ಮುನ್ಸೂಚನೆ ಕೊಡುತ್ತೆ. ರೈಟರೋ, ಮೇಸ್ತ್ರಿಯೋ, ತೋಟದ ಮನೆಯ ಹುಡುಗರೋ ಯಾರಾದರೊಬ್ಬರು ಮಧ್ಯಾಹ್ನ ಒಂದು ಗಂಟೆಯಿಂದ ಅದನ್ನು ನೋಡೋ ಕೆಲಸ ಹೊತ್ತುಕೊಳ್ಳಬೇಕು, ಕೂಗಿ ಹೇಳಬೇಕು. ಫೋನೇ ಇಲ್ಲದಿದ್ದರೆ ಮಿಂಚು ಕಂಡಮೇಲೆ ಎಣಿಸಿ. ಗುಡುಗು ಕೇಳೋಕೆ ಮೂರು ಸೆಕೆಂಡ್ ಆದರೆ ಒಂದು ಕಿಲೋಮೀಟರ್, 30 ಸೆಕೆಂಡ್ ಆದರೆ ಹತ್ತು. ಹತ್ತಕ್ಕೆ ಬಂದಾಗಲೇ ಏಣಿ ಇಳಿಸಿ ಎಲ್ಲರೂ ಗಟ್ಟಿ ಕಟ್ಟಡದೊಳಗೆ ಅಥವಾ ಬಾಗಿಲು ಮುಚ್ಚಿದ ಜೀಪಿನೊಳಗೆ ಸೇರಬೇಕು. ಸಿಲ್ವರ್ ಓಕ್ ಬುಡದಲ್ಲಿ ಗೊರಬು, ಪ್ಲಾಸ್ಟಿಕ್ ಹೊದ್ದು ನಿಲ್ಲೋದು ಬೇಡವೇ ಬೇಡ, ತೋಟದಲ್ಲಿ ಎಲ್ಲಕ್ಕಿಂತ ಎತ್ತರ ಇರೋದು ಅದೇ. ಮಳೆ ನಿಂತ ತಕ್ಷಣ ವಾಪಸ್ ಹೋಗೋದೂ ಅಲ್ಲ. ಕೊನೆಯ ಗುಡುಗು ಕೇಳಿದ ಮೇಲೆ ಇನ್ನೂ 30 ನಿಮಿಷ. ಆ ಅರ್ಧ ಗಂಟೆಯ ಕೂಲಿ ಹಿಡಿಯಬಾರದು.